ಜೀವ ಇರೋ ಕಲ್ಲಿನ ಕತೆ

ಕಲ್ಲಿಗೆ ಜೀವ ಇರುತ್ತಾ? ಉಪ್ಪುನೀರಿನ ಅಕ್ವೇರಿಯಂ ಇಟ್ಟವರನ್ನು ಕೇಳಿ, ಇರುತ್ತೆ ಅಂತಾರೆ! ಅವರ 'ಲೈವ್ ರಾಕ್' ಅಂದ್ರೆ ಹೆಚ್ಚಾಗಿ ಸತ್ತ ಹವಳದ ಸುಣ್ಣದ ಗೂಡು. ಅದರ ಮೈತುಂಬಾ ತೂತು, ತೂತಿನ ತುಂಬಾ ಬ್ಯಾಕ್ಟೀರಿಯಾ, ಪಾಚಿ, ಸ್ಪಂಜು, ಹುಳು...

ಇದರ ಕೆಲಸ ಏನು? ಮೀನಿನ ಗಲೀಜಿನಿಂದ ಹುಟ್ಟುವ ಅಮೋನಿಯಾ ಮೀನಿಗೇ ವಿಷ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನು ಕೆಲವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. 1890ರ ಸುಮಾರಿಗೆ ಮಣ್ಣಿನಲ್ಲಿ ಇಂಥ ಜೀವಿಗಳನ್ನು ಗುರುತಿಸಿದವನು ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್ಸ್ಕಿ. ಗಾಳಿಯಾಡದ ಕಲ್ಲಿನ ಒಳಭಾಗದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕವಾಗಿಸಿ ಹೊರಗೆ ಬಿಡುತ್ತವೆ.

ಕಲ್ಲೇ ಫಿಲ್ಟರ್ ಆಗಬಹುದು ಅಂತ ಹವ್ಯಾಸಿಗಳಿಗೆ ಬರೆದು ತಿಳಿಸಿದವರು ಇಂಡೋನೇಷ್ಯಾದ ಲೀ ಚಿನ್ ಎಂಗ್. 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅವರ ಲೇಖನ ಬಂತು. ಸಮುದ್ರದ ನೀರು, ಜೀವಂತ ಕಲ್ಲು, ಬಿಸಿಲು, ಒಂದಿಷ್ಟು ಗಾಳಿಗುಳ್ಳೆ. ಅಷ್ಟೇ! 1980ರ ದಶಕದಲ್ಲಿ ಬರ್ಲಿನ್ ಹವ್ಯಾಸಿಗಳು ಇದಕ್ಕೆ ಪ್ರಖರ ದೀಪ, ನೊರೆ ತೆಗೆಯುವ ಸ್ಕಿಮ್ಮರ್ ಸೇರಿಸಿದರು. ಅದು 'ಬರ್ಲಿನ್ ಪದ್ಧತಿ' ಅಂತಲೇ ಹೆಸರಾಯಿತು.

ಹೀಗೆ ಕಲ್ಲಿಗೆ ಬೇಡಿಕೆ ಬಂತು. ಕಡಲಿಂದ ಕಿತ್ತು, ಒದ್ದೆ ಕಾಗದ ಸುತ್ತಿ ವಿಮಾನ ಹತ್ತಿಸುತ್ತಿದ್ದರು. ದಾರಿಯಲ್ಲೇ ಎಷ್ಟೋ ಜೀವಿಗಳು ಸತ್ತು ಗಬ್ಬು ನಾರುತ್ತಿದ್ದವು. ಅದಕ್ಕೇ 'ಕ್ಯೂರಿಂಗ್': ಉಪ್ಪುನೀರಿನ ತೊಟ್ಟಿಯಲ್ಲಿಟ್ಟು, ನೀರು ಸದಾ ಓಡಾಡುವಂತೆ ಮಾಡಿ, ಕೊಳೆತದ್ದನ್ನು ಬ್ರಷ್ಷಿನಿಂದ ಉಜ್ಜಿ, ನೀರು ಬದಲಿಸುತ್ತಾ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ವಾರಗಟ್ಟಲೆ ಕಾಯುವುದು.

ಆದರೆ ಈ ಕಲ್ಲು ಎಷ್ಟೋ ಮರಿಮೀನುಗಳ ಮನೆಯೂ ಹೌದಲ್ಲ! ಫ್ಲಾರಿಡಾ ರಾಜ್ಯ ತನ್ನ ಕಡಲಲ್ಲಿ ಕಲ್ಲು ಕೀಳುವುದನ್ನು 1989ರಲ್ಲೇ ನಿಷೇಧಿಸಿತು. ಅದರಾಚೆಯ ಕೇಂದ್ರ ಸರ್ಕಾರದ ಕಡಲಲ್ಲೂ 1997ರಿಂದ ನಿಷೇಧ ಬಂತು. ಅಲ್ಲಿನವರು ಸುಮ್ಮನೆ ಕೂರಲಿಲ್ಲ. ಗಣಿಯ ಸುಣ್ಣಕಲ್ಲನ್ನು ಪರವಾನಗಿ ಪಡೆದ ಜಾಗದಲ್ಲಿ ಮುಳುಗಿಸಿ, ಜೀವಿಗಳು ಮೆತ್ತಿಕೊಂಡ ಮೇಲೆ ಎತ್ತುವ 'ಕಲ್ಲಿನ ಬೇಸಾಯ' ಶುರು ಮಾಡಿದರು. ನಮ್ಮಲ್ಲಿ 2001ರಲ್ಲಿ ಹವಳಗಳು ವನ್ಯಜೀವಿ ಕಾಯಿದೆಯ ಮೊದಲ ಷೆಡ್ಯೂಲಿಗೆ ಸೇರಿದವು, ಹುಲಿಯ ಸಾಲಿಗೆ. ಮುರ್ಡೇಶ್ವರದಾಚೆಯ ನೇತ್ರಾಣಿಯ ಹವಳಕ್ಕೂ ಇದೇ ಕಾಯಿದೆ.

ಈಗ ಅನೇಕರು ಒಣಕಲ್ಲಿನಿಂದಲೇ ಶುರು ಮಾಡುತ್ತಾರೆ. ತೊಳೆದು, ನೆನೆಸಿ, ಒಂದಿಷ್ಟು ಅಮೋನಿಯಾ, ಬಾಟಲಿಯ ಬ್ಯಾಕ್ಟೀರಿಯಾ ಹಾಕಿ ಕಾಯುತ್ತಾರೆ. ಕಲ್ಲಿಗೆ ಪೂರ್ತಿ ಜೀವ ತುಂಬಲು ತಿಂಗಳುಗಳೇ ಬೇಕು. ಆದರೆ ಅಷ್ಟರಮಟ್ಟಿಗೆ ಕಡಲಿನ ಕಲ್ಲು ಕಡಲಲ್ಲೇ ಉಳಿಯುತ್ತೆ. ಕಾಯೋದಕ್ಕೆ ಇಷ್ಟು ಕಾರಣ ಸಾಲದಾ, ನೀವೇನಂತೀರಿ?