ಗಡಿಯಲ್ಲಿ ರಕ್ತಪರೀಕ್ಷೆ

ರೋಗಿಯನ್ನು ದೇಶದ ಹೊಸ್ತಿಲಲ್ಲೇ ತಡೆಯುವ ಪದ್ಧತಿ ಎಚ್‌ಐವಿಗಿಂತ ಬಹಳ ಹಳೆಯದು. ಅಮೆರಿಕದ 1891ರ ವಲಸೆ ಕಾಯಿದೆಯ ಪ್ರಕಾರ, ಹೇಸಿಗೆ ಹುಟ್ಟಿಸುವ ಅಥವಾ ಅಪಾಯಕಾರಿ ಅಂಟುರೋಗ ಇರುವವರಿಗೆ ಆ ದೇಶದಲ್ಲಿ ಪ್ರವೇಶವಿರಲಿಲ್ಲ. ಮರುವರ್ಷ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ತಪಾಸಣಾ ಠಾಣೆ ತೆರೆಯಿತು. ಮುಂದಿನ ವರ್ಷಗಳಲ್ಲಿ ಹಡಗಿನಿಂದ ಇಳಿದವರ ಕಣ್ಣಿನ ರೆಪ್ಪೆಯನ್ನು ಮಗುಚಿ ಟ್ರಕೋಮಾ ಇದೆಯೇ ಎಂದು ವೈದ್ಯರು ನೋಡುವುದು ಅಲ್ಲಿನ ನಿತ್ಯದ ಕೆಲಸವಾಯಿತು. ಸುಮಾರು ನೂರು ವರ್ಷಗಳ ನಂತರ ಎಚ್‌ಐವಿ ಬಂದಾಗ ಕಾನೂನು ಸಿದ್ಧವಾಗಿಯೇ ಇತ್ತು. ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಸಾಕಿತ್ತು.

ಆ ಹೆಸರು ಸೇರಿದ್ದು 1987ರಲ್ಲಿ. ಪ್ರಯಾಣಿಕರ ತಪಾಸಣೆಯಿಂದ ಪ್ರಯೋಜನವಿದೆಯೇ ಎಂದು ಚರ್ಚಿಸಲು ಅದೇ ವರ್ಷದ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಿನೀವಾದಲ್ಲಿ ತಜ್ಞರ ಸಭೆ ಕರೆದಿತ್ತು. ಖರ್ಚು ವಿಪರೀತ, ಸೋಂಕು ನಿಲ್ಲುವುದಿಲ್ಲ ಎಂಬುದು ತಜ್ಞರ ಅಭಿಪ್ರಾಯವಾಗಿತ್ತು. ರಾಜಕಾರಣ ಅದಕ್ಕೆ ಕಿವಿಗೊಡಲಿಲ್ಲ. ಎಚ್‌ಐವಿಯನ್ನು ನಿಷೇಧದ ಪಟ್ಟಿಗೆ ಸೇರಿಸಬೇಕೆಂದು ಸೆನೆಟರ್ ಜೆಸ್ಸಿ ಹೆಲ್ಮ್ಸ್ ತಂದ ತಿದ್ದುಪಡಿಯ ಪರವಾಗಿ ಸೆನೆಟ್‌ನಲ್ಲಿ 96 ಮತ ಬಿದ್ದವು; ವಿರುದ್ಧ ಒಂದೂ ಇಲ್ಲ. ಜಗತ್ತಿನಲ್ಲಿ ವರದಿಯಾದ ಏಡ್ಸ್ ಪ್ರಕರಣಗಳಲ್ಲಿ ಅತಿ ಹೆಚ್ಚು ಆಗ ಅಮೆರಿಕದಲ್ಲೇ ಇದ್ದವು. ರೋಗ ಮನೆಯೊಳಗೆ ಬೇರೂರಿದ್ದಾಗ ಬಾಗಿಲಿಗೆ ಬೀಗ ಬಿತ್ತು. ಬೇರೆ ದೇಶಗಳೂ ಇದೇ ಹಾದಿ ಹಿಡಿದವು. ಭಾರತವೂ 80ರ ದಶಕದ ಕೊನೆಯಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು, ಮುಖ್ಯವಾಗಿ ಆಫ್ರಿಕಾದಿಂದ ಬಂದವರನ್ನು, ಪರೀಕ್ಷೆಗೆ ಒಳಪಡಿಸಿತು.

ನಿಷೇಧ ನೆಲದ ಮೇಲೆ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಹೆಸರಾದ ಪ್ರಕರಣ ನಡೆದದ್ದು 1989ರ ಏಪ್ರಿಲ್‌ನಲ್ಲಿ. ಏಡ್ಸ್ ಜಾಗೃತಿಯ ಕೆಲಸ ಮಾಡುತ್ತಿದ್ದ ಹಾಲೆಂಡಿನ ಹಾನ್ಸ್ ಪಾಲ್ ವೆರ್ಹೂಫ್ ಆರೋಗ್ಯ ಸಮ್ಮೇಳನವೊಂದಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದರು. ದಾರಿಯಲ್ಲಿ ಮಿನಿಯಾಪೊಲಿಸ್‌ನಲ್ಲಿ ಇಳಿದಾಗ ಅವರ ಸಾಮಾನಿನಲ್ಲಿ ಎಜೆಡ್‌ಟಿ ಮಾತ್ರೆ ಸಿಕ್ಕಿತು. ಏಡ್ಸ್‌ಗೆ ಆಗ ಇದ್ದ ಔಷಧ ಅದೊಂದೇ. ಹಾಗಾಗಿ ಮಾತ್ರೆಯೇ ಸಾಕ್ಷಿಯಾಯಿತು. ಕೆಲವು ದಿನ ಸೆರೆಯಲ್ಲಿದ್ದ ಮೇಲೆ ವಲಸೆ ನ್ಯಾಯಾಧೀಶರ ಆದೇಶದಿಂದ ಅವರಿಗೆ ಬಿಡುಗಡೆ ಸಿಕ್ಕಿತು. ಆದರೆ ಉಳಿದವರು ಪಾಠ ಕಲಿತಾಗಿತ್ತು. ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿದು, ಚೀಟಿ ಕಿತ್ತು ಒಯ್ಯುವವರು ಇದ್ದರು. ಮಾತ್ರೆಯನ್ನು ಮನೆಯಲ್ಲೇ ಬಿಟ್ಟು, ಪ್ರವಾಸ ಮುಗಿಯುವವರೆಗೆ ಚಿಕಿತ್ಸೆ ನಿಲ್ಲಿಸುವವರೂ ಇದ್ದರು. ಡೋಸ್ ತಪ್ಪಿದರೆ ವೈರಸ್ ಔಷಧಕ್ಕೆ ಪ್ರತಿರೋಧ ಬೆಳೆಸಿಕೊಳ್ಳಬಹುದು. ಸಾರ್ವಜನಿಕ ಆರೋಗ್ಯದ ಹೆಸರಿನ ನಿಯಮ ಹೀಗೆ ಆರೋಗ್ಯಕ್ಕೇ ಮುಳುವಾಗುತ್ತಿತ್ತು. ವೀಸಾ ಇಲ್ಲದೆ ಬರಬಹುದಾದ ದೇಶಗಳ ಪ್ರಯಾಣಿಕರಿಗೆ ವಿಮಾನದಲ್ಲಿ ಹಸಿರು ಬಣ್ಣದ ಚೀಟಿಯೊಂದನ್ನು ಕೊಡುತ್ತಿದ್ದರು. ಅಂಟುರೋಗ, ದೈಹಿಕ ಅಥವಾ ಮಾನಸಿಕ ಅಸ್ವಸ್ಥತೆ, ಮಾದಕವ್ಯಸನ ಇವೆಯೇ ಎಂದು ಅದರಲ್ಲಿ ಒಂದೇ ಉಸಿರಿಗೆ ಕೇಳಲಾಗಿತ್ತು. ಹೌದು ಎಂದರೆ ಪ್ರವೇಶವಿಲ್ಲ, ಇಲ್ಲ ಎಂದರೆ ಸುಳ್ಳು ಹೇಳಿದ ಅಪರಾಧ.

ವೈದ್ಯರು ಮತ್ತು ಸಂಶೋಧಕರು ಇದನ್ನು ಸುಮ್ಮನೆ ನೋಡಿಕೊಂಡು ಕೂರಲಿಲ್ಲ. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನವನ್ನು ಹಲವು ಸಂಘಟನೆಗಳು ಬಹಿಷ್ಕರಿಸಿದವು. ಸಮ್ಮೇಳನಗಳಿಗೆ ಬರುವವರಿಗೆಂದು ಸರಕಾರ ಕೊಟ್ಟ 10 ದಿನಗಳ ವಿಶೇಷ ವೀಸಾ ಯಾರಿಗೂ ಸಮಾಧಾನ ತರಲಿಲ್ಲ. ಅದನ್ನು ಪಡೆಯುವುದೆಂದರೆ ತನ್ನ ಸೋಂಕನ್ನು ತಾನೇ ಸಾರಿಕೊಂಡಂತೆ. 1992ರಲ್ಲಿ ಬಾಸ್ಟನ್ನಿನಲ್ಲಿ ನಡೆಯಬೇಕಿದ್ದ ಸಮ್ಮೇಳನ ಆಮ್‌ಸ್ಟರ್‌ಡ್ಯಾಮ್‌ಗೆ ಹೋಯಿತು. ಈ ನಡುವೆ 1991ರ ಜನವರಿಯಲ್ಲಿ ಆರೋಗ್ಯ ಕಾರ್ಯದರ್ಶಿ ಲೂಯಿಸ್ ಸಲಿವನ್ ಪಟ್ಟಿಯಲ್ಲಿ ಕ್ಷಯವೊಂದನ್ನೇ ಉಳಿಸಿ ಮಿಕ್ಕದ್ದನ್ನೆಲ್ಲ ಕೈಬಿಡಲು ಹೊರಟರು. ವಿರೋಧ ಎದ್ದಿತು, ಪ್ರಸ್ತಾವ ಮೂಲೆಗೆ ಸರಿಯಿತು.

ನಿಷೇಧದ ಅತ್ಯಂತ ಕಠೋರ ರೂಪ ಕಂಡದ್ದು ಕ್ಯೂಬಾದ ತುದಿಯಲ್ಲಿ ಅಮೆರಿಕ ನಡೆಸುವ ಗ್ವಾಂಟನಾಮೊ ನೌಕಾನೆಲೆಯಲ್ಲಿ. ಹೈಟಿಯಲ್ಲಿ 1991ರ ಸೈನಿಕ ಕ್ಷಿಪ್ರಕ್ರಾಂತಿಯ ನಂತರ ದೋಣಿ ಹತ್ತಿದವರನ್ನು ಸಮುದ್ರದಲ್ಲೇ ಹಿಡಿದು ಅಲ್ಲಿಗೆ ತಂದಿದ್ದರು. ಹಿಂಸೆಯ ಭಯ ನಿಜವೆಂದು ಪ್ರಾಥಮಿಕ ವಿಚಾರಣೆಯಲ್ಲಿ ಒಪ್ಪಿತವಾದವರು ಆಶ್ರಯ ಕೋರಲು ಅಮೆರಿಕಕ್ಕೆ ಹೋದರು. ಅಂಥವರಲ್ಲೇ ರಕ್ತದಲ್ಲಿ ಎಚ್‌ಐವಿ ಕಂಡವರು ಮಾತ್ರ, ಕುಟುಂಬದವರ ಜೊತೆ, ಮುಳ್ಳುತಂತಿಯ ಶಿಬಿರದಲ್ಲಿ ಉಳಿದರು. ಅವರ ಸಂಖ್ಯೆ ಇನ್ನೂರನ್ನು ಮೀರಿತ್ತು. 1993ರ ಆರಂಭದಲ್ಲಿ ಅವರು ಉಪವಾಸ ಕುಳಿತರು. ಯೇಲ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳು ಅವರ ಪರ ಮೊಕದ್ದಮೆ ನಡೆಸಿದರು. ಜೂನ್ 8ರಂದು ನ್ಯಾಯಾಧೀಶ ಸ್ಟರ್ಲಿಂಗ್ ಜಾನ್ಸನ್ ಬಿಡುಗಡೆಗೆ ಆದೇಶಿಸಿದರು. ವಿಚಿತ್ರವೆಂದರೆ ಎರಡೇ ದಿನದಲ್ಲಿ, ಜೂನ್ 10ರಂದು, ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಆರೋಗ್ಯ ಸಂಶೋಧನಾ ಕಾಯಿದೆಯೊಳಗೆ ಎಚ್‌ಐವಿ ನಿಷೇಧವೂ ಸೇರಿಕೊಂಡಿತ್ತು. ಅಲ್ಲಿಯವರೆಗೆ ಇಲಾಖೆಯ ನಿಯಮವಾಗಿದ್ದದ್ದು ಈಗ ಸಂಸತ್ತಿನ ಕಾನೂನಾಯಿತು. ನಿಷೇಧ ತೆಗೆಯುತ್ತೇನೆಂದು ಚುನಾವಣೆಯಲ್ಲಿ ಮಾತು ಕೊಟ್ಟಿದ್ದವರು ಅವರೇ.

ಮುಂದಿನ 15 ವರ್ಷಗಳಲ್ಲಿ ಚಿಕಿತ್ಸೆಯ ಚಿತ್ರವೇ ಬದಲಾಯಿತು. 1996ರ ಹೊತ್ತಿಗೆ ಬಂದ ಬಹು ಔಷಧಗಳ ಚಿಕಿತ್ಸೆ ಸಾವನ್ನು ಹಿಂದೆ ತಳ್ಳಿತು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ಮೂರು ಔಷಧಗಳ ಮಿಶ್ರಣವನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡಲು ಮುಂದೆ ಬಂದಿತು. ಶ್ರೀಮಂತ ದೇಶಗಳಲ್ಲಿ ಆಗ ಅದಕ್ಕೆ 10,000 ಡಾಲರ್‌ಗೂ ಮೀರಿದ ಬೆಲೆ. ಅಮೆರಿಕದಲ್ಲಿ 2008ರ ಜುಲೈನಲ್ಲಿ ಜಾರ್ಜ್ ಬುಷ್ ಕಾನೂನಿನ ಗಂಟು ಬಿಚ್ಚಿದರು, ಮುಂದಿನ ವರ್ಷ ಒಬಾಮ ಆಡಳಿತ ನಿಯಮ ತಿದ್ದಿತು. 2010ರ ಜನವರಿ 4ರಂದು ನಿಷೇಧ ಕೊನೆಗೊಂಡಿತು. ಶಾಂಘೈ ವಿಶ್ವಮೇಳಕ್ಕೆ ಕೆಲವೇ ದಿನ ಮೊದಲು, ಆ ಏಪ್ರಿಲ್‌ನಲ್ಲಿ, ಚೀನಾ ಕೂಡ ನಿರ್ಬಂಧ ತೆಗೆಯಿತು. 2012ರಲ್ಲಿ ಏಡ್ಸ್ ಸಮ್ಮೇಳನ 22 ವರ್ಷಗಳ ನಂತರ ಮತ್ತೆ ಅಮೆರಿಕದ ನೆಲದಲ್ಲಿ, ವಾಷಿಂಗ್ಟನ್ನಿನಲ್ಲಿ, ಸೇರಿತು.

ಪ್ರವಾಸಿಗೆ ಬಾಗಿಲು ತೆರೆದರೂ ನೆಲೆಸಲು ಬಂದವನ ಮುಂದೆ ಬೇರೆ ಲೆಕ್ಕ ಬಂದು ನಿಂತಿತ್ತು. ಸೋಂಕು ಹರಡುತ್ತದೆ ಎಂಬ ಹಳೆಯ ವಾದದ ಜಾಗದಲ್ಲಿ ಬೊಕ್ಕಸಕ್ಕೆ ಭಾರ ಎಂಬ ವಾದ ಕೂತಿತು. ಕೆನಡಾ 2002ರಿಂದ 15 ವರ್ಷ ದಾಟಿದ ವಲಸಿಗರಿಗೆಲ್ಲ ಎಚ್‌ಐವಿ ಪರೀಕ್ಷೆ ಕಡ್ಡಾಯ ಮಾಡಿತು. ಸೋಂಕೇ ಅಲ್ಲಿ ಅನರ್ಹತೆಯಲ್ಲ, ಚಿಕಿತ್ಸೆಯ ವೆಚ್ಚ ಮಿತಿ ಮೀರಿದರೆ ಅರ್ಜಿ ತಿರಸ್ಕೃತ. 2018ರಲ್ಲಿ ಆ ಮಿತಿಯನ್ನು ಮೂರು ಪಟ್ಟು ಏರಿಸಲಾಯಿತು. ಆಸ್ಟ್ರೇಲಿಯಾದ ಲೆಕ್ಕವೂ ಇದೇ ಬಗೆಯದು. ಇಂಗ್ಲೆಂಡಿನಲ್ಲಿ ಮಾತ್ರ ತಕ್ಕಡಿ ಇನ್ನೊಂದು ಕಡೆ ವಾಲಿತು: ವಲಸೆ ಕಾಗದಪತ್ರ ಏನೇ ಇರಲಿ, 2012ರ ಅಕ್ಟೋಬರ್‌ನಿಂದ ಅಲ್ಲಿ ಎಲ್ಲರಿಗೂ ಎಚ್‌ಐವಿ ಚಿಕಿತ್ಸೆ ಉಚಿತ. ಚಿಕಿತ್ಸೆಯಲ್ಲಿರುವವರಿಂದ ಸೋಂಕು ಹರಡುವುದು ಕಡಿಮೆ ಎಂಬ ತಿಳಿವಳಿಕೆ ಈ ಬದಲಾವಣೆಯ ಹಿಂದಿತ್ತು.

ಕನ್ನಡಿಗರನ್ನು ಈ ಚರಿತ್ರೆ ಹೆಚ್ಚು ಮುಟ್ಟುವುದು ಕೊಲ್ಲಿ ದೇಶಗಳ ದಾರಿಯಲ್ಲಿ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಸೌದಿಗೋ ದುಬೈಗೋ ಕೆಲಸಕ್ಕೆ ಹೊರಟವರಿಗೆ ‘ಮೆಡಿಕಲ್’ ದೊಡ್ಡ ಗಂಡಾಂತರ. ಕೊಲ್ಲಿ ದೇಶಗಳು ಒಪ್ಪಿದ ಕೇಂದ್ರದಲ್ಲಿ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಆಗಿ ವರದಿಯಲ್ಲಿ ‘ಫಿಟ್’ ಎಂದು ಬರಬೇಕು. ‘ಅನ್‌ಫಿಟ್’ ಆದರೆ ಏಜೆಂಟರಿಗೆ ಕೊಟ್ಟ ಹಣ, ಅದಕ್ಕಾಗಿ ಮಾಡಿದ ಸಾಲ ಎರಡೂ ಹೆಗಲಿಗೆ. ಅಲ್ಲಿಗೆ ಹೋದ ಮೇಲೂ ನಿವಾಸ ಪರವಾನಗಿಗೆ ಮತ್ತೆ ಪರೀಕ್ಷೆ. ಸೋಂಕು ಕಂಡರೆ ಗಡೀಪಾರು. ಹಲವರಿಗೆ ವಾಪಸಾತಿಯ ಕಾರಣವನ್ನೂ ಸರಿಯಾಗಿ ಹೇಳುವುದಿಲ್ಲ, ಮುಂದಿನ ಚಿಕಿತ್ಸೆಗೆ ಬೇಕಾದ ಕಾಗದವೂ ಸಿಗುವುದಿಲ್ಲ. ಊರಿಗೆ ಮರಳಿದವರಿಗೆ ಎಚ್‌ಐವಿ ಚಿಕಿತ್ಸೆ ಕೊಡುವ ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧ ಉಚಿತ. ಈ ಯೋಜನೆ 2004ರ ಏಪ್ರಿಲ್‌ನಲ್ಲಿ ಶುರುವಾದಾಗಲೇ ಕರ್ನಾಟಕ ಅದರೊಳಗಿತ್ತು.

ಎಚ್‌ಐವಿ ಸೋಂಕಿನ ಕಾರಣಕ್ಕೆ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನು ಭಾರತದ 2017ರ ಎಚ್‌ಐವಿ ಕಾಯಿದೆ ನಿಷೇಧಿಸಿದೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಈ ಕಾನೂನಿಗೆ ದೇಶದ ಗಡಿಯಾಚೆ ಬಲವಿಲ್ಲ. ಕೊಲ್ಲಿಯ ವೀಸಾ ಅಲ್ಲಿನ ಕಾನೂನಿನಂತೆಯೇ ನಡೆಯುತ್ತದೆ. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮ 2019ರಲ್ಲಿ ಎಣಿಸಿದಂತೆ, ಎಚ್‌ಐವಿ ಹೆಸರಿನಲ್ಲಿ ಪ್ರವೇಶಕ್ಕೋ ವಾಸಕ್ಕೋ ಯಾವುದಾದರೂ ನಿರ್ಬಂಧವಿದ್ದ ದೇಶ ಮತ್ತು ಪ್ರಾಂತಗಳು 48.