ರಾಗಿ ಹೊಲದ ಅಕ್ಕಡಿ ಸಾಲು

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿ ಹೊಲಗಳ ನಡುವೆ ಅವರೆ, ತೊಗರಿಯ ಸಾಲುಗಳನ್ನು ಕಂಡು ಬರೆದಿಟ್ಟ. ರೈತರು ಇವನ್ನು ಅಕ್ಕಡಿ ಎನ್ನುತ್ತಾರೆ. ಮುದ್ದೆಗೆ ರಾಗಿ, ಸಾರಿಗೆ ಅವರೆ, ಒಗ್ಗರಣೆಗೆ ಸಾಸಿವೆ, ಎಣ್ಣೆಗೆ ಹುಚ್ಚೆಳ್ಳು, ದನಕ್ಕೆ ಹುಲ್ಲು. ಎಲ್ಲವೂ ಒಂದೇ ಹೊಲದ್ದು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಆಳಕ್ಕೆ ಬೇರಿಳಿಸಿದ ತೊಗರಿ ಒಂದಿಷ್ಟು ಕೈಗೆ ಬರುತ್ತಿತ್ತು. ಮಿಕ್ಕ ರಾಗಿ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು.

ಹಾಗೆಂದು ಅಕ್ಕಡಿಯೊಂದೇ ಜನರನ್ನು ಕಾಯಿತೆನ್ನಲಾಗದು. 1876-78ರ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು.

ಈಗಿನ ಕಟಾವು ಯಂತ್ರಕ್ಕೆ ಅಕ್ಕಡಿ ಅಡ್ಡಿ. ರಾಗಿ ಕೊಯ್ಯುವಾಗ ತೊಗರಿ ಇನ್ನೂ ಹಸಿರು. ಅಗಲ ಎಲೆಯ ಕಳೆ ಕೊಲ್ಲುವ ಔಷಧಿ ಅವರೆಯನ್ನೂ ಬಿಡದು. ಸಾಲುಗಳು ಹೋದ ಕಡೆ ರಾಗಿ ಬೆಳೆಯುವವರೇ ಬೇಳೆ, ಎಣ್ಣೆಗೆ ಅಂಗಡಿಗೆ ಹೋಗುತ್ತಾರೆ.