ಅಪಾಯಸೂಚಕ ಬೀಕನ್

ವಿಮಾನ, ಹಡಗು ಅಥವಾ ಚಾರಣಿಗರು ವಿಪತ್ತಿಗೆ ಸಿಲುಕಿದಾಗ ಅವರಿರುವ ಸ್ಥಳವನ್ನು ರಕ್ಷಣಾ ಕೇಂದ್ರಗಳಿಗೆ ತಿಳಿಸುವ, ಬ್ಯಾಟರಿಯಿಂದ ನಡೆಯುವ ರೇಡಿಯೋ ಸಾಧನ. ವಿಮಾನದಲ್ಲಿ ಅಳವಡಿಸಿದ್ದಕ್ಕೆ ಇಎಲ್‌ಟಿ, ಹಡಗಿನದಕ್ಕೆ ಇಪಿಐಆರ್‌ಬಿ, ವ್ಯಕ್ತಿ ಜೊತೆಯಲ್ಲಿ ಒಯ್ಯುವುದಕ್ಕೆ ಪಿಎಲ್‌ಬಿ ಎಂಬ ಹೆಸರುಗಳಿವೆ.

ಕಾನೂನಿನ ಮೂಲ: 1972ರ ಅಕ್ಟೋಬರಿನಲ್ಲಿ ಅಮೆರಿಕದ ಸಂಸದರಾದ ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್ ಪಯಣಿಸುತ್ತಿದ್ದ ಸಣ್ಣ ವಿಮಾನ ಅಲಾಸ್ಕದಲ್ಲಿ ಕಣ್ಮರೆಯಾಗಿ, 39 ದಿನಗಳ ಶೋಧದ ನಂತರವೂ ಸಿಗದಿದ್ದುದರಿಂದ ಆ ದೇಶ ವಿಮಾನಗಳಿಗೆ ಬೀಕನ್ ಕಡ್ಡಾಯಗೊಳಿಸಿತೆಂದು ಹಲವು ಬರಹಗಳು ಹೇಳುತ್ತವೆ. ಆದರೆ ಬಹುಪಾಲು ಖಾಸಗಿ ವಿಮಾನಗಳಿಗೆ ಇದನ್ನು ವಿಧಿಸಿದ ನಿಯಮವು 1970ರ ಡಿಸೆಂಬರಿನಲ್ಲಿಯೇ, ಕಾರ್ಮಿಕರ ಸುರಕ್ಷತೆಯ ಕಾಯ್ದೆಯ ಒಂದು ವಿಧಿಯಾಗಿ ಅಂಗೀಕಾರಗೊಂಡಿತ್ತು. ಅಲಾಸ್ಕದ ಘಟನೆ ಅದರ ಅಗತ್ಯವನ್ನು ಜನಮನಕ್ಕೆ ತಂದಿತೇ ಹೊರತು ಕಾಯ್ದೆಯನ್ನು ಹುಟ್ಟಿಸಲಿಲ್ಲ.

ಉಪಗ್ರಹ ಜಾಲ: ಅಮೆರಿಕ, ಕೆನಡ, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟಗಳು 1979ರಲ್ಲಿ ಒಪ್ಪಂದ ಮಾಡಿಕೊಂಡು ಕಾಸ್ಪಾಸ್-ಸಾರ್ಸಾಟ್ ವ್ಯವಸ್ಥೆಯನ್ನು ಆರಂಭಿಸಿದವು. 1982ರ ಜೂನ್ 30ರಂದು ಹಾರಿದ ಸೋವಿಯತ್ ಉಪಗ್ರಹ ಕಾಸ್ಮೋಸ್-1383, ಅದೇ ಸೆಪ್ಟೆಂಬರಿನಲ್ಲಿ ಕೆನಡದ ಬ್ರಿಟಿಷ್ ಕೊಲಂಬಿಯದಲ್ಲಿ ಬಿದ್ದ ವಿಮಾನದ ಸಂಕೇತವನ್ನು ಹಿಡಿದುದರಿಂದ ಮೂವರು ಬದುಕುಳಿದರು. ಉಪಗ್ರಹ ಹತ್ತಿರ ಬರುವಾಗ ಏರಿದಂತೆಯೂ ದೂರ ಸರಿಯುವಾಗ ಇಳಿದಂತೆಯೂ ತೋರುವ ಆವರ್ತಾಂಕದ ವ್ಯತ್ಯಾಸ, ಅಂದರೆ ಡಾಪ್ಲರ್ ಪರಿಣಾಮವೇ ಸ್ಥಳನಿರ್ಣಯದ ಆಧಾರವಾಗಿತ್ತು.

ಆವರ್ತಾಂಕದ ಬದಲಾವಣೆ: ಬೀಕನ್‌ಗಳ ಇತಿಹಾಸದ ನಿಜವಾದ ತಿರುವು ಇಲ್ಲಿದೆ. ಹಳೆಯ 121.5 ಮೆಗಾಹರ್ಟ್ಸ್ ಸಂಕೇತದಲ್ಲಿ ಕಳುಹಿಸಿದವರ ಗುರುತು ಇರುತ್ತಿರಲಿಲ್ಲ. ಬೀಕನ್ ಮತ್ತು ಭೂಕೇಂದ್ರ ಎರಡೂ ಏಕಕಾಲಕ್ಕೆ ಉಪಗ್ರಹದ ನೋಟಕ್ಕೆ ಬರದಿದ್ದರೆ ಅದು ಯಾರಿಗೂ ತಲುಪುತ್ತಿರಲಿಲ್ಲ. 406 ಮೆಗಾಹರ್ಟ್ಸ್ ಬೀಕನ್ ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಕಾಲ, ನೋಂದಾಯಿತ ದೇಶದ ಸಂಖ್ಯೆಯನ್ನೊಳಗೊಂಡ (ಭಾರತಕ್ಕೆ 419) ಗುರುತನ್ನು ಬಿತ್ತರಿಸುತ್ತದೆ. ಉಪಗ್ರಹ ಅದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಭೂಕೇಂದ್ರಕ್ಕೆ ದಾಟಿಸಬಲ್ಲದು. ನೋಂದಣಿಯಲ್ಲಿರುವ ದೂರವಾಣಿಗೆ ಕರೆ ಮಾಡಿ, ಕೈತಪ್ಪಿನಿಂದ ಚಾಲೂ ಆದುದೇ ಎಂದು ವಿಚಾರಿಸಲು ಇದರಿಂದ ಸಾಧ್ಯವಾಯಿತು. 2009ರ ಫೆಬ್ರವರಿ 1ರಂದು 121.5 ರದ್ದಾಯಿತೆಂಬ ಹೇಳಿಕೆ ಅರ್ಧಸತ್ಯ: ಅಂದು ನಿಂತದ್ದು ಉಪಗ್ರಹಗಳ ಆಲಿಸುವಿಕೆ ಮಾತ್ರ, ರಕ್ಷಣಾ ವಿಮಾನಗಳು ಕೊನೆಯ ಹಂತದಲ್ಲಿ ಬೀಕನ್ನಿನ ಜಾಡು ಹಿಡಿಯಲು ಆ ಸಂಕೇತವನ್ನು ಈಗಲೂ ಬಳಸುತ್ತವೆ.

ಭಾರತದಲ್ಲಿ: ಈ ಜಾಲದ ಭಾರತೀಯ ನಿಯಂತ್ರಣ ಕೇಂದ್ರವು ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರ್ಯಾಕ್ ಸಂಸ್ಥೆಯಲ್ಲಿದೆ. ಮೀನುಗಾರರ ದೋಣಿಗಳಲ್ಲಿ 2010ರಿಂದ ಬಳಕೆಯಲ್ಲಿರುವ ಡಿಎಟಿ ಎಂಬ ಸಾಧನ ಮಾತ್ರ ದೇಶದ ಸ್ವಂತ ಸಂಪರ್ಕ ಉಪಗ್ರಹದ ಮೂಲಕ ಕೆಲಸ ಮಾಡುತ್ತದೆ. ಸಂದೇಶ ತಲುಪಿತೆಂಬ ಉತ್ತರವನ್ನು ದೋಣಿಗೇ ಮರಳಿಸುವ ಅದರ ಎರಡನೆಯ ಪೀಳಿಗೆ 2024ರಲ್ಲಿ ಜಾರಿಗೆ ಬಂದಿತು.